ಸಣ್ಣೀರಮ್ಮನ ಹಾರನ್ನು

ಯಾವ ಕಾಲ ಅಂತ ಕೇಳಬೇಡ್ರಪ್ಪಾ, ಕೇಳಿದರೂ ಹೇಳೋರಿಲ್ಲ. ಒಂದೂರು ಅಂತ ಇತ್ತು, ಅಷ್ಟು ಸಾಕು. ಆ ಊರಲ್ಲಿ ಸಣ್ಣೀರಮ್ಮ ಅಂತ ಒಬ್ಬಳಿದ್ದಳು, ಅವಳಿಗೊಂದು ಕರೀ ಕಾರಿತ್ತು. ಗಂಡ ಕರಿಯಣ್ಣ ಬಾಡಿಗೆಗೆ ಓಡಿಸುತ್ತಿದ್ದ ಕಾರು. ಅವನು ಜ್ವರದಲ್ಲಿ ಹೋದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳೇ ಸ್ಟೇರಿಂಗು ಹಿಡಿದಳಂತೆ. ಸಂತೆಗೆ ಹೋಗೋರಿಗೂ ಅದೇ ಕಾರು, ಹೆರಿಗೆ ನೋವು ಬಂದೋರಿಗೂ ಅದೇ ಕಾರು. ಅವಳ ಒಲೆ ಉರಿಯೋದಕ್ಕೂ ಅದೇ ಕಾರು.

ಹೀಗಿರುವಾಗ ಕಾರಿಗೆ ಒಂದು ಚಾಳಿ ಹಿಡೀತು. ಸ್ಟೇರಿಂಗು ಎಡಕ್ಕೆ ತಿರುಗಿಸಿದರೆ ಸಾಕು, ಯಾರೂ ಒತ್ತದೆ ಹಾರನ್ನು ತಾನೇ ಬೋಂ ಅಂತ ಕೂಗೋದು. ಊರೊಳಗೆ ಎಡಕ್ಕೆ ಹೊರಳೋ ತಿರುವು ಇದ್ದದ್ದು ಒಂದೇ, ಪಟೇಲ ಓಬಳಯ್ಯನ ಮನೆ ಮುಂದೆ. ಅದೇ ಪಟೇಲ ಕರಿಯಣ್ಣನ ಹೊಲದ ಬದು ಒಡೆದು ತನ್ನ ಹೊಲಕ್ಕೆ ಒತ್ತಿಕೊಂಡಿದ್ದ. ಜನಕ್ಕೆ ಇನ್ನೇನು ಬೇಕು? "ಕರಿಯಣ್ಣ ಕಾರೊಳಗೆ ಕೂತವ್ನೆ, ಹೊಲ ಕೇಳ್ತಾವ್ನೆ" ಅಂದರಂತೆ. ಹಾರನ್ನು ಕೂಗಿದಾಗೆಲ್ಲ ಪಟೇಲನ ಎಮ್ಮೆ ಸೊರ ಬಿಡದೆ ಹಾಲು ಬಚ್ಚಿಡುತ್ತಿತ್ತಂತೆ, ಅಟ್ಟದ ಮೇಲಿನ ಗಡಿಗೆ ತಾನೇ ಬಿರಿಯುತ್ತಿತ್ತಂತೆ. ಅಂತಾರೆ, ನಾನೇನು ಕಂಡೋಳಲ್ಲ.

ಪಟೇಲ ಊರು ಸೇರಿಸಿದ. ದೆವ್ವ ಹೊಕ್ಕ ಗಾಡಿ ಊರಲ್ಲಿ ಇರಕೂಡದು, ಗಡಿಕಲ್ಲಿನ ಆಚೆ ನೂಕಿ ಬೆಂಕಿ ಇಡಬೇಕು ಅಂದ. ಪೂಜಾರಪ್ಪನೂ ತಲೆಯಾಡಿಸಿದ. ಆಳುಗಳು ಹಗ್ಗ ತಂದರು, ಸೀಮೆಎಣ್ಣೆ ಡಬ್ಬವೂ ಬಂತು.

ಸಣ್ಣೀರಮ್ಮ ಕಾರಿನ ಮೂತಿ ಮೇಲೆ ಹತ್ತಿ ಕೂತಳಂತೆ. "ಇಡೋದಾದರೆ ನನ್ನೂ ಸೇರಿಸಿ ಇಡ್ರಿ. ಅದಕ್ಕೆ ಮುಂಚೆ ಒಂದು ಗಳಿಗೆ ನನ್ನ ಜೊತೆ ಬನ್ರಿ."

ಕಾರು ಬಾವಿಕಟ್ಟೆ ಹತ್ತಿರ ತಂದು ನಿಂತಲ್ಲೇ ಸ್ಟೇರಿಂಗು ಎಡಕ್ಕೆ ಎಳೆದಳು. ಬೋಂ ಅಂತು. ಗುಡಿ ಮುಂದೆ ತಂದು ಎಡಕ್ಕೆ ಎಳೆದಳು. ಅಲ್ಲೂ ಬೋಂ ಅಂತು.

"ಬಾವಿ ಯಾರ ಹೊಲ ನುಂಗಿತ್ತು ಪಟೇಲ್ರೆ? ದೇವರು ಯಾರ ಬದು ಒಡೆದಿದ್ದ?"

ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರಂತೆ. ಪಟೇಲ ಮುಖ ಊದಿಸಿಕೊಂಡು ಮನೆ ಜಗಲಿಗೆ ಹೋಗಿ ಕೂತ.

ಅವಳು ಗುಡಿ ಮುಂದೆಯೇ ಸ್ಟೇರಿಂಗು ಬಿಚ್ಚೋದಕ್ಕೆ ಕೈ ಹಾಕಿದಳು. ಪೂಜೆ ಆಗಿರೋದನ್ನ ಬಿಚ್ಚಬೇಡ, ಕೇಡು ಅಂತ ಪೂಜಾರಪ್ಪ ಅಡ್ಡ ಬಂದ. "ಒಳಗೆ ದೇವರಿದ್ದರೂ ಮಾತಾಡಿಸ್ತೀನಿ, ದೆವ್ವ ಇದ್ದರೂ ಮಾತಾಡಿಸ್ತೀನಿ. ಅತ್ಲಾಗೆ ಸರಿಯಪ್ಪ" ಅಂದಳಂತೆ.

ಗಂಡ ಮಾಡುತ್ತಿದ್ದ ಹಾಗೆ ಮೊದಲು ಬ್ಯಾಟ್ರಿ ವೈರು ಕಳಚಿದಳು. ಆಮೇಲೆ ಚಾಕು ತುದಿಯಿಂದ ಹಾರನ್ನಿನ ಗುಂಡಿ ಎಬ್ಬಿಸಿದಳು. ಒಳಗೆ ನೋಡಿದರೆ ದೆವ್ವ ಎಲ್ಲಿದೆ? ಕಿಲುಬು! ತೊಳೆಯದ ತಾಮ್ರದ ಚೊಂಬಿನ ಹಾಗೆ ಹಸಿರು ಹಸಿರು ಕಿಲುಬು. ವೈರಿನ ಮೇಲುಸಿಪ್ಪೆ ಕೊಳೆತು ತಂತಿ ಬೆತ್ತಲಾಗಿತ್ತು. ಎಡಕ್ಕೆ ತಿರುಗಿಸಿದಾಗ ಅದು ಕಬ್ಬಿಣಕ್ಕೆ ತಗಲೋದು, ಹಾರನ್ನು ಕೂಗೋದು. ಮೂಸಿದಳು. ಹುಳಿತ ತೆಂಗಿನಕಾಯಿ ನೀರಿನ ವಾಸನೆ.

ಅವಳಿಗೆ ಹೊಳೀತು. ಆಯುಧಪೂಜೆಗೆ ಕಾಯಿ ಒಡೆದು ಸ್ಟೇರಿಂಗಿನ ಮೇಲೆ ನೀರು ಸುರಿಯುತ್ತಿದ್ದವಳು ಅವಳೇ. ಗಂಡ ತೀರಿಕೊಂಡ ವರ್ಷ, ಕಾರಾದರೂ ಉಳೀಲಿ ಅಂತ, ಇನ್ನೊಂದು ಕಾಯಿ ಜಾಸ್ತಿ ಒಡೆದಿದ್ದಳು. "ಕೈ ಮುಗಿದೂ ಕೆಡಿಸಿದೆನಲ್ಲೇ!" ಅಂತ ಹಣೆ ಚಚ್ಚಿಕೊಂಡಳಂತೆ.

ಪಾತ್ರೆ ಬೆಳಗೋ ಹಾಗೆ ಹುಣಸೆಹಣ್ಣು ಹಚ್ಚಿ ಕಿಲುಬು ತಿಕ್ಕಿದಳು, ಒರೆಸಿದಳು, ಬಿಸಿಲಿಗಿಟ್ಟಳು. ಸೈಕಲ್ ಟ್ಯೂಬು ಸೀಳಿ ವೈರಿಗೆ ಬಿಗಿಯಾಗಿ ಸುತ್ತಿದಳು. ಎಲ್ಲ ಜೋಡಿಸಿ ಹೊರಟಳು. ಊರಿಗೆ ಊರೇ ಕಾರಿನ ಹಿಂದೆ.

ಪಟೇಲನ ಮನೆ ತಿರುವು ಬಂತು. ಎಡಕ್ಕೆ ಎಳೆದಳು. ಹಾರನ್ನು ಪಿಟ್ಟೆನ್ನಲಿಲ್ಲ. ಗೆದ್ದೆ ಅಂದುಕೊಂಡು ಪಟೇಲ ಜಗಲಿ ಮೇಲೆ ಮೀಸೆ ತಿರುವಿದನಂತೆ.

ಅಲ್ಲೇ ಕಾರು ನಿಲ್ಲಿಸಿದಳು ಸಣ್ಣೀರಮ್ಮ. ಹೆಬ್ಬೆರಳು ಊರಿ ಹಾರನ್ನು ಒತ್ತಿದಳು ನೋಡಿ, ಪಕ್ಕದೂರಿನ ಕೆರೆಯ ಕೊಕ್ಕರೆಗಳೂ ಎದ್ದವಂತೆ.

"ಇಷ್ಟು ದಿನ ಕೂಗಿದ್ದು ಕಿಲುಬು ಪಟೇಲ್ರೆ. ಇದು ನಾನು. ಬದು ಎಲ್ಲಿತ್ತೋ ಅಲ್ಲಿಗೆ ಹಾಕ್ರಿ."

ದಿನಾ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಹಾಗೇ ಒತ್ತಿದಳಂತೆ. ಬಿತ್ತನೆ ಹೊತ್ತಿಗೆ ಪಟೇಲನೇ ಬದು ಹಿಂದಕ್ಕೆ ಹಾಕಿಸಿದ ಅಂತಾರೆ ಕೆಲವರು. ಇಲ್ಲ, ಬದುವೇ ಎದ್ದು ನಡೆದುಕೊಂಡು ಹೋಯ್ತು ಅಂತಾರೆ ಇನ್ನು ಕೆಲವರು.

ಇವತ್ತಿಗೂ ಆ ಊರಲ್ಲಿ ಆಯುಧಪೂಜೆಗೆ ಕಾಯಿ ನೀರು ಚಕ್ರಕ್ಕೆ ಹಾಕ್ತಾರೆ, ಸ್ಟೇರಿಂಗಿಗೆ ಹಾಕಲ್ಲ. ಅದಕ್ಕೆ ಒಣ ಬಟ್ಟೆ, ಒಂದು ಹೂವು, ಅಷ್ಟೇ. ಪಟೇಲನ ಮನೆ ಬಿದ್ದು ಪಾಯದ ಕಲ್ಲೂ ಉಳಿದಿಲ್ಲ. ಆದರೂ ಆ ತಿರುವಿಗೆ ಬಂದ ಗಾಡಿ, ಎದುರಿಗೆ ನಾಯಿ ನರಪಿಳ್ಳೆ ಇಲ್ಲದಿದ್ದರೂ, ಹಾರನ್ನು ಒತ್ತದೆ ಮುಂದಕ್ಕೆ ಹೋಗಲ್ಲ.