ಅಂಬಕ್ಕನ ಲೋಟ

ವಯಸ್ಸಾದವರು ಕೂಡಿ ಇರುವ ಮನೆಗೆ ಅಂಬಕ್ಕ ಬಂದ ದಿನ, ಆಕೆಯ ಸ್ಟೀಲ್ ಲೋಟವನ್ನೂ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಹತ್ತು ಲೋಟಗಳ ನಡುವೆ ಕವುಚಿಟ್ಟರು. ಅದು ಗಡಗಡ ನಡುಗಿತು.

"ಸ್ವಲ್ಪ ಸರಿದು ನಿಲ್ಲಿ. ನನ್ನ ಮೇಲೆ ಅಂಬಕ್ಕನ ಹೆಸರು ಕೊರೆದಿದೆ. ಬೇರೆಯವರ ಕೈಗೆ ಸಿಕ್ಕಿದರೆ ನಾನು ಯಾರ ಲೋಟ?"

"ನಮ್ಮೆಲ್ಲರ ಮೇಲೂ ಹೆಸರಿದೆ," ಎಂದಿತು ಪಕ್ಕದ ನೆಗ್ಗಿದ ಲೋಟ. "ನನ್ನ ಮೇಲಿರುವ ಕಮಲಾಕ್ಷಿ ತೀರಿಕೊಂಡು ಎರಡು ವರ್ಷವಾಯಿತು. ನಾನಿನ್ನೂ ದಿನಾ ಕಾಫಿ ಕುಡಿಸುತ್ತಿದ್ದೇನೆ."

ಅಷ್ಟರಲ್ಲಿ ಅಂಬಕ್ಕ ಬಂದಳು. ಕಣ್ಣು ಮಂಜು. ಸ್ಟ್ಯಾಂಡನ್ನು ತಡವಿ ನೆಗ್ಗಿದ ಲೋಟವನ್ನೇ ಎತ್ತಿಕೊಂಡು ಹೋದಳು. "ಅದು ನಾನಲ್ಲ," ಎಂದು ಅವಳ ಲೋಟ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ.

ನೆಗ್ಗಿದ ಲೋಟ ತೊಳೆಸಿಕೊಂಡು ಮರಳಿ ಬಂತು.

"ನನ್ನನ್ನು ಕೇಳಿದಳೇ?"

"ಇಲ್ಲ. ಹೊಸ ಜಾಗವಲ್ಲವೇ, ನಿನ್ನ ಹಾಗೇ ನಡುಗುತ್ತಿದ್ದಳು. ನಾನು ಅಲುಗಾಡದೆ ಇದ್ದೆ. ಒಂದು ಹನಿಯೂ ಚೆಲ್ಲಲಿಲ್ಲ."

ಸಂಜೆ ಗುರುತಿಲ್ಲದ ಕೈಯೊಂದು ಅಂಬಕ್ಕನ ಲೋಟವನ್ನು ಹಿಡಿಯಿತು. ಆ ಕೈಯೂ ನಡುಗುತ್ತಿತ್ತು. ಲೋಟ ತನ್ನ ನಡುಕ ನಿಲ್ಲಿಸಿತು.