ಸೂರ್ಯನ ಸಾಲಿನಲ್ಲಿ ಕೂತ ಹುಂಜ

ಬನ್ನಿ ಮಕ್ಕಳಾ, ಕಾಲು ಮಡಚಿ ಕೂತ್ಕೊಳ್ಳಿ. ಬಾಯಿಗೆ ಹುರಿಗಡಲೆ ಹಾಕ್ಕೊಂಡು ಕಿವಿ ಮಾತ್ರ ಇತ್ತ ಕೊಡಿ.

ಹುಂಜ, ಹೇಂಟೆ, ಮರಿಗಳ ಕೋಳಿ ಸಂಸಾರವಿದ್ದ ಒಂದು ಹಿತ್ತಿಲಿಗೆ ಮುಂಗುಸಿಯೊಂದು ಬಂದು, "ಇಲ್ಲಿನ ಸಂಪತ್ತನ್ನು ವಿಂಗಡಿಸೋಕೆ ಬಂದಿದ್ದೇನೆ," ಎಂದಿತು. ಪಾಪ, ಯಾರೂ ಕರೆದಿರಲಿಲ್ಲ.

"ಸಂಪತ್ತು ಎರಡು ಥರ. ಡಬ್ಬದ ಸೀಮೆಎಣ್ಣೆ ಮುಗಿದರೆ ಮುಗೀತು. ಅಂಥದ್ದನ್ನು ಜೋಪಾನ ಮಾಡಬೇಕು. ಬಿಸಿಲು, ಗಾಳಿ, ಹುಲ್ಲು, ಕೋಳಿ, ಇವೆಲ್ಲ ಎಷ್ಟು ಬಳಸಿದರೂ ಮತ್ತೆ ಬರ್ತವೆ, ಧಾರಾಳವಾಗಿ ಬಳಸಬಹುದು."

ಹುಂಜನ ಜುಟ್ಟು ನೆಟ್ಟಗಾಯಿತು. "ಕೇಳಿದ್ಯೇನೇ? ನಮ್ಮನ್ನ ಸೂರ್ಯನ ಸಾಲಿನಲ್ಲಿ ಕೂರಿಸಿದ್ದಾರೆ!"

"ರೀ, ಸೂರ್ಯನನ್ನ ಯಾರೂ ಕಚ್ಚಿಕೊಂಡು ಹೋಗೋಲ್ಲ," ಎಂದಿತು ಹೇಂಟೆ. ಮರಿಗಳನ್ನು ರೆಕ್ಕೆಯೊಳಗೆ ಒತ್ತಿಕೊಂಡು ಮುಂಗುಸಿಯನ್ನು ಕೇಳಿತು: "ನೀವೂ ವರ್ಷಾ ವರ್ಷಾ ಮರಿ ಹಾಕ್ತೀರಲ್ಲ ರಾಯರೇ, ನಿಮ್ಮದು ಯಾವ ಸಾಲು?"

"ನಮ್ಮದು ಸೀಮೆಎಣ್ಣೆ ಸಾಲು, ತಾಯೀ. ತುಂಬಾ ಅಪರೂಪ," ಎಂದಿತು ಮುಂಗುಸಿ, ವಿನಯದಿಂದ ಮೀಸೆ ತೀಡುತ್ತ.

ಹೇಂಟೆಗೆ ಅಷ್ಟು ಸಾಕಾಯಿತು. ಮರಿಗಳನ್ನು ಹೊರಡಿಸಿಕೊಂಡು ನಾಯಿ ಮಲಗಿದ್ದ ಜಗಲಿಗೆ ಓಡಿತು. "ನೀವೂ ಬನ್ನೀಂದ್ರೆ!"

"ಇಂಥ ಮರ್ಯಾದೆ ಬಿಟ್ಟು ಬರ್ತಾರೇನೇ, ಹೆಡ್ಡಿ!" ಎಂದ ಹುಂಜ ಎದೆಯುಬ್ಬಿಸಿ, ಕಣ್ಣು ಮುಚ್ಚಿ, ಕತ್ತು ಚಾಚಿ ಕೂಗಿತು. ಮುಂಗುಸಿಗೆ ಬೇಕಾಗಿದ್ದೂ ಆ ಕತ್ತೇ.

ಮುಂಗುಸಿ ದಪ್ಪಗಾಗಿ, ಈಗ ಪಕ್ಕದ ಮನೆಯ ಬಾತುಗಳನ್ನು ವಿಂಗಡಿಸುತ್ತಿದೆಯಂತೆ. ಹೇಂಟೆಯ ಮರಿಗಳು ಜಗಲಿಯ ಮೇಲೇ ಬೆಳೆದವು. ಅವುಗಳಲ್ಲಿ ಒಂದೆರಡು ಹುಂಜಗಳೂ ಆದವು. ಆದರೆ ಆ ಹುಂಜ ಮಾತ್ರ ಮತ್ತೆ ಬರಲಿಲ್ಲ.