ಬಣ್ಣ ಬಿಡದ ಕಾವಿ

ಹೊಳೆದಂಡೆಯ ಆಶ್ರಮದಲ್ಲಿ ಒಂದು ಮರದ ಮುದ್ರೆ ಇತ್ತು. ಭೂಮಿಗೆ ನೋವು ಮಾಡದೆ ತಯಾರಾದ ಸರಕಿನ ಮೇಲೆ ಮಾತ್ರ ಅದನ್ನು ಒತ್ತುತ್ತಿದ್ದರು. ನಲವತ್ತು ವರ್ಷದಲ್ಲಿ ಅದು ಬಿದ್ದದ್ದು ಮೂರೇ ಕಡೆ: ಒಬ್ಬ ಗಾಣಿಗನ ಎಣ್ಣೆ, ಒಬ್ಬ ಕುರುಬನ ಕಂಬಳಿ, ಒಬ್ಬ ಮುದುಕಿಯ ಬೆಲ್ಲ. ಆ ಮುದ್ರೆ ಕಂಡರೆ ಸುತ್ತಲ ಊರಿನವರು ಕಣ್ಣು ಮುಚ್ಚಿಕೊಂಡು ಸರಕು ಒಯ್ಯುತ್ತಿದ್ದರು.

ಅಲ್ಲಿ ವ್ಯಾಪಾರದ ನೀತಿ ಕಲಿಯುತ್ತಿದ್ದ ಹಾಲಮ್ಮನ ಕೈಗೆ ಗುರು ಚನ್ನವೀರಯ್ಯನವರು ಒಂದು ದಿನ ಆ ಮುದ್ರೆಯನ್ನಿಟ್ಟರು.

"ಕೆಳಗಿನ ಮಿಲ್ಲಿನ ಕೊಟ್ರಬಸಪ್ಪನವರು ತಮ್ಮ ಕಾವಿ ಬಟ್ಟೆಗೆ ಮುದ್ರೆ ಕೇಳಿದ್ದಾರೆ. ಹೋಗಿ ನೋಡು. ಒತ್ತೋದು, ಬಿಡೋದು ನಿನ್ನ ತೀರ್ಮಾನ. ತಪ್ಪಿದರೆ ನಲವತ್ತು ವರ್ಷದ ನಂಬಿಕೆ ನೀರುಪಾಲು."

ಹಾಲಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೋದಷ್ಟೇ ಬೇಗ ಹಿಂತಿರುಗಿ ಬಂದಳು.

"ಒತ್ತಬಹುದು ಗುರುಗಳೇ. ಗೋಡೆಗೆಲ್ಲ ಹಸಿರು ಬಣ್ಣ, ಬಾಗಿಲ ಮೇಲೆ ಎಲೆಯ ಚಿತ್ರ. ಹೊಳೆ ಕಡೆಗೆ ಸಾವಿರ ಸಸಿ ನೆಟ್ಟಿದ್ದಾರೆ. ಬಟ್ಟೆಗೆ ಹಾಕೋದು ಬರೀ ಕಾವಿಮಣ್ಣಂತೆ, ಚೀಟಿಯಲ್ಲೇ ಬರೆದಿದೆ."

"ಯಾರು ತೋರಿಸಿದರು?"

"ಸಾವುಕಾರ್ರೇ. ಒಂದೊಂದನ್ನೂ ನಿಂತು ತೋರಿಸಿದರು."

ಗುರುಗಳು ತಮ್ಮ ಹೆಗಲ ಮೇಲಿನ ಕಾವಿ ಶಲ್ಯವನ್ನು ಒಂದು ಗಳಿಗೆ ನೋಡಿಕೊಂಡರು. ಅದೂ ಆ ಮಿಲ್ಲಿನದೇ, ಮೂರು ವರ್ಷದ ಹಿಂದೆ ಕಾಣಿಕೆಯಾಗಿ ಬಂದದ್ದು. ತೆಗೆದು ಅವಳ ಕೈಗೆ ಕೊಟ್ಟರು.

"ಒಗೆದುಕೊಂಡು ಬಾ."

ಮರುದಿನ ಬೆಳಗ್ಗೆ ಹಾಲಮ್ಮ ಹೊಳೆಗೆ ಇಳಿದಳು. ಕಾವಿಮಣ್ಣು ಕಲಸಿ ಬಟ್ಟೆ ಅದ್ದುತ್ತಿದ್ದ ಅಜ್ಜನನ್ನು ಅವಳು ಕಂಡವಳು. ಆ ಮಣ್ಣು ಒಗೆದಷ್ಟೂ ನೀರಿಗೆ ಕೆಂಪು ಬಿಡುತ್ತದೆ, ಒಗೆದವರ ಅಂಗೈಗೂ ಹತ್ತುತ್ತದೆ. ಈ ಶಲ್ಯವನ್ನು ಎಷ್ಟು ಬಡಿದರೂ ನೀರು ತಿಳಿಯಾಗಿಯೇ ಇತ್ತು. ಅಂಗೈಯೂ ಇದ್ದ ಹಾಗೇ ಇತ್ತು.

ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು ಎಂಬ ಗಾದೆಯನ್ನು ನೂರು ಸಲ ಒಪ್ಪಿಸಿದ್ದ ಹುಡುಗಿ ನಿನ್ನೆ ಥಳಕನ್ನಷ್ಟೇ ನೋಡಿ ಬಂದಿದ್ದಳು. ಅವಳಿಗೆ ನಾಚಿಕೆಯಾಯಿತು.

ಒದ್ದೆ ಶಲ್ಯವನ್ನು ಬಂಡೆಯ ಮೇಲೆ ಹರವಿ, ದಂಡೆಗುಂಟ ಮಿಲ್ಲಿನವರೆಗೆ ನಡೆದಳು. ಸಾವಿರ ಸಸಿಗಳನ್ನು ಈ ಸಲ ಹಿಂದಿನಿಂದ ನೋಡಿದಳು. ಅವುಗಳ ಮರೆಯಲ್ಲಿ ಒಂದು ಕೊಳವೆ ಹೊಳೆಗೆ ಇಳಿದಿತ್ತು. ಅದರ ಬಾಯಲ್ಲಿ ಕಿತ್ತಳೆ ಬಣ್ಣದ ನೊರೆ. ಪಕ್ಕದ ಎರಡು ಸಾಲು ಸಸಿಗಳು ಸುಟ್ಟುಹೋಗಿದ್ದವು.

ಆಶ್ರಮದ ಸಂಜೆಯ ಸಭೆಗೆ ಕೊಟ್ರಬಸಪ್ಪ ಹಣ್ಣಿನ ಬುಟ್ಟಿ ಹಿಡಿದು ಬಂದರು. ಒಣಗಿದ ಶಲ್ಯ ಗುರುಗಳ ಹೆಗಲ ಮೇಲಿತ್ತು.

"ಮುದ್ರೆ ಒತ್ತಲಾರೆ," ಎಂದಳು ಹಾಲಮ್ಮ. "ಇದು ಕಾವಿಮಣ್ಣಲ್ಲ. ಬಣ್ಣದ ನೀರು ಸಸಿಗಳ ಹಿಂದಿನಿಂದ ಹೊಳೆಗೆ ಹೋಗ್ತಿದೆ. ಕಣ್ಣಾರೆ ಕಂಡು ಬಂದಿದ್ದೀನಿ."

ಸಾವುಕಾರರು ನಕ್ಕರು. "ಏನಮ್ಮಾ, ನಿಮ್ಮ ಗುರುಗಳೇ ಹೊದ್ದಿದ್ದಾರಲ್ಲ! ಅದಕ್ಕಿಂತ ದೊಡ್ಡ ಮುದ್ರೆ ಬೇಕಾ?"

ಸಭೆಯೆಲ್ಲ ಅವಳನ್ನೇ ನೋಡಿತು. ಹನ್ನೊಂದು ವರ್ಷ ಅನ್ನ ಬಡಿಸಿದ, ಅಕ್ಷರ ತಿದ್ದಿಸಿದ ಕೈ ಆ ಶಲ್ಯದೊಳಗಿತ್ತು.

"ಗುರುಗಳು ಹೊದ್ದಿರೋದೂ ಸುಳ್ಳೇ," ಎಂದಳು.



ಗುರುಗಳು ಶಲ್ಯವನ್ನು ತೆಗೆದು, ಮಡಿಸಿ, ಹಣ್ಣಿನ ಬುಟ್ಟಿಯ ಮೇಲಿಟ್ಟು ಸಾವುಕಾರರ ಕಡೆಗೆ ಸರಿಸಿದರು. ಬರಿಮೈಯಲ್ಲಿ ಕೂತು ಹಾಲಮ್ಮನನ್ನು ನೋಡಿದರು. ಅವರು ಯಾರನ್ನೂ ಅಷ್ಟು ಹೆಮ್ಮೆಯಿಂದ ನೋಡಿದ್ದನ್ನು ಅವಳು ಕಂಡಿರಲಿಲ್ಲ. ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಸಾವುಕಾರರ ದನಿ ಇಳಿಯಿತು. "ಹಾಗಾದ್ರೆ ನಾನೇನು ಮಾಡ್ಬೇಕು, ಹೇಳಮ್ಮ."

"ಚೀಟಿ ಮೇಲೆ ನಿಜ ಬರೀರಿ. ಕೊಳವೆ ಮುಚ್ಚಿ. ಆ ನೀರನ್ನ ಶುದ್ಧ ಮಾಡಿ ನಿಮ್ಮ ಸಸಿಗಳಿಗೇ ಹಾಕಿ. ಮೂರು ಮಳೆಗಾಲ ಕಳೆದು ಅವು ಬದುಕಿದ್ರೆ ಹೇಳಿಕಳಿಸಿ, ಬಂದು ನೋಡ್ತೀನಿ."

"ಮೂರು ವರ್ಷವಾ! ಬುದ್ಧಿ, ನೀವಾದ್ರೂ ಒಂದು ಮಾತು ಹೇಳಿ."

ಗುರುಗಳು ಕೈಮುಗಿದರು. "ಶಲ್ಯದ ಬಣ್ಣ ಹೋಗಲಿಲ್ಲ ಅಂತ ಮೂರು ವರ್ಷ ಹಿಗ್ಗಿದವನು ನಾನು, ಸಾವುಕಾರ್ರೇ. ಮಿಲ್ಲಿನ ಬಣ್ಣದ ನೀರು ಎಲ್ಲಿಗೆ ಹೋಯ್ತು ಅಂತ ಹುಡುಕಿದವಳು ಅವಳು. ಅವಳನ್ನೇ ಕೇಳಿ."